ಆ ಪುಟ್ಟ ಸ್ವಿಚ್ಚು

2012ರ ಜುಲೈ. ಹೊರಗೆ ಧೋ ಎಂದು ಮಳೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪ್ಲಾಸ್ಟಿಕ್ ಚೀಲದೊಳಗೆ ಟವೆಲು ಸುತ್ತಿದ ಗ್ರಾಫಿಕ್ಸ್ ಕಾರ್ಡ್ ಹಿಡಿದುಕೊಂಡು ಮನೆಗೆ ಬಂದ. ಹತ್ತನೇ ತರಗತಿವರೆಗೆ ನಮ್ಮ ಕನ್ನಡ ಮಾಧ್ಯಮದಲ್ಲೇ ಕಲಿತವನು, ಆಗ ಮಂಗಳೂರಿನಲ್ಲಿ ಇಂಜಿನಿಯರಿಂಗ್. ರೇಡಿಯಾನ್ ಎಚ್‌ಡಿ 6950, 2 ಜಿಬಿಯದ್ದು, ಸೆಕೆಂಡ್ ಹ್ಯಾಂಡ್. ಎರಡು ರಜೆ ದುಡಿದು ಕೂಡಿಸಿದ ಎಂಟು ಸಾವಿರ ಕೊಟ್ಟಿದ್ದ.

"ಸರ್, ಇದನ್ನು 6970 ಮಾಡ್ಲಿಕ್ಕೆ ಆಗ್ತದಂತೆ. ಇಂಗ್ಲಿಷಲ್ಲಿ ಓದಿದೆ, ಅರ್ಧ ಅರ್ಥ ಆಯ್ತು. ಒಬ್ಬನೇ ಮಾಡ್ಲಿಕ್ಕೆ ಧೈರ್ಯ ಇಲ್ಲ."

ಅವನು ಓದಿದ್ದು ನಿಜವೇ. 2010ರ ಡಿಸೆಂಬರಿನಲ್ಲಿ ಬಂದ ಈ ಎರಡೂ ಕಾರ್ಡುಗಳ ಒಳಗಿದ್ದದ್ದು ಕೇಮನ್ ಎಂಬ ಒಂದೇ ಚಿಪ್ಪು. 6970ರಲ್ಲಿ 1536 ಸ್ಟ್ರೀಮ್ ಪ್ರೊಸೆಸರ್, ವೇಗ 880 ಮೆಗಾಹರ್ಟ್ಸ್. 6950ರಲ್ಲಿ 1408, ವೇಗ 800. ಉಳಿದ 128ನ್ನು ಅನೇಕ ಕಾರ್ಡುಗಳಲ್ಲಿ ಬಯೋಸ್ ಮಾತ್ರ ಮುಚ್ಚಿಟ್ಟಿತ್ತು. ವೇಗ, ವೋಲ್ಟೇಜು, ಫ್ಯಾನಿನ ಓಟ ಎಲ್ಲ ಬರೆದಿಡುವ ಸಣ್ಣ ಚಿಪ್ಪು ಅದು. (ಆಮೇಲೆ ಬಂದ ಹಲವು ಕಾರ್ಡುಗಳಲ್ಲಿ ಈ ಆಟ ನಡೆಯಲಿಲ್ಲ.)

ಫ್ಲ್ಯಾಶ್ ಮಾಡುವುದೆಂದರೆ ಕರಿಹಲಗೆ ಒರೆಸಿ ಹೊಸ ಪಾಠ ಬರೆದ ಹಾಗೆ ಅಂತ ಅವನಿಗೆ ಹೇಳಿದೆ. ಒರೆಸುವ ಮೊದಲು ಹಳೆಯದನ್ನು ನೋಟ್ಸ್ ಮಾಡಿಕೊಳ್ಳಬೇಕು. ಹಂತಗಳನ್ನೆಲ್ಲ ಅವನ ಕೈಯಿಂದಲೇ ಕನ್ನಡದಲ್ಲಿ ಬರೆಸಿದೆ. ಮೂಲ ಬಯೋಸನ್ನು ಎರಡು ಪೆನ್‌ಡ್ರೈವಿಗೆ ಉಳಿಸಿದೆವು. ಆಮೇಲೆ ಡಾಸ್‌ನಲ್ಲಿ ಬೂಟ್ ಮಾಡಿ 6970ರ ಬಯೋಸ್ ಹಾಕಿದೆವು.

1536! ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ. ಆದರೆ ಹತ್ತು ನಿಮಿಷ ಗೇಮ್ ಆಡುವಷ್ಟರಲ್ಲಿ ಪರದೆ ತುಂಬ ಬಣ್ಣದ ಚುಕ್ಕಿ. ಆ ಬಯೋಸ್ ಪ್ರೊಸೆಸರುಗಳನ್ನು ತೆರೆಯುವುದಷ್ಟೇ ಅಲ್ಲ, ಮೆಮೊರಿಯನ್ನೂ 1250ರಿಂದ 1375ಕ್ಕೆ ಓಡಿಸುತ್ತದೆ. ಈ ಕಾರ್ಡಿನ ಮೆಮೊರಿಗೆ ಅದು ಭಾರ. 6970ಕ್ಕೆ ಎಂಟು ಪಿನ್ನಿನ ಒಂದು, ಆರು ಪಿನ್ನಿನ ಒಂದು ವಯರ್, ಇದಕ್ಕೆ ಆರು ಪಿನ್ನಿನವೇ ಎರಡು. ಸುಮ್ಮನೆ ಕೊಟ್ಟಿರುತ್ತಾರಾ ಮಾರಾಯ್ರೆ?

ಸರಿ, ಇನ್ನೊಂದು ದಾರಿ. ಅವನದೇ ಮೂಲ ಬಯೋಸನ್ನು ತಿದ್ದಿ, ವೇಗ ಮುಟ್ಟದೆ ಪ್ರೊಸೆಸರ್ ಮಾತ್ರ ತೆರೆಯುವುದು. ಬರೆಯಲಿಕ್ಕೆ ಶುರುವಾಗಿತ್ತಷ್ಟೆ, ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ನಾಳೆ ಬದಲಿಸುತ್ತೇನೆ ಅಂತ ದಿನ ತಳ್ಳಿದವನು ನಾನೇ.

ಕರೆಂಟು ಬಂದ ಮೇಲೆ ಪರದೆ ಕಪ್ಪು. ಅವನು ಏನೂ ಹೇಳಲಿಲ್ಲ. ನೋಟ್‌ಬುಕ್ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಕೂತ. ಎಂಟು ಸಾವಿರದ ಬಗ್ಗೆ ಬೈದಿದ್ದರೆ ನನಗೆ ವಾಸಿಯಿತ್ತು.

ಆಗ ನೆನಪಾಯಿತು, ಕಾರ್ಡಿನ ಅಂಚಿನಲ್ಲಿರುವ ಉಗುರಿನಷ್ಟು ಸ್ವಿಚ್ಚು. ಕಂಪನಿಯ ಮೂಲ ವಿನ್ಯಾಸದ 6950ರಲ್ಲಿ ಬಯೋಸ್ ಎರಡು. 1ರಲ್ಲಿ ನಾವು ಬರೆಯಬಹುದು, 2 ಬೀಗ ಹಾಕಿದ ಮೂಲ ಪ್ರತಿ. 2ಕ್ಕೆ ತಳ್ಳಿದೆ, ಚಿತ್ರ ಬಂತು. ಇನ್ನು ಕೆಟ್ಟದ್ದನ್ನು ಸರಿ ಮಾಡಬೇಕಲ್ಲ? ಡಾಸ್‌ಗೆ ಬಂದು, ಮೆಷಿನು ಓಡುತ್ತಿರುವಾಗಲೇ ಸ್ವಿಚ್ಚನ್ನು ಮತ್ತೆ 1ಕ್ಕೆ ತಳ್ಳಬೇಕು, ಆಮೇಲೆ ಬರೆಯಬೇಕು. "ನೀನೇ ತಳ್ಳು" ಅಂದೆ. ಕೈ ನಡುಗುತ್ತಿತ್ತು, ತಳ್ಳಿದ. ಪಕ್ಕದ ಮನೆಯಿಂದ ಎರವಲು ತಂದ ಯುಪಿಎಸ್ ಕೀಂ ಕೀಂ ಅನ್ನುತ್ತಿತ್ತು. ಉಸಿರು ಬಿಗಿಹಿಡಿದು ತಿದ್ದಿದ ಬಯೋಸ್ ಬರೆದೆವು.

1536, ವೇಗ ಹಳೆಯ 800. ಸಂಜೆವರೆಗೆ ಆಡಿದರೂ ಒಂದು ಚುಕ್ಕಿ ಇಲ್ಲ.

ಈಗ ಈ ಕೆಲಸ ಅಷ್ಟು ಸುಲಭವಿಲ್ಲ. 2016ರ ಪಾಸ್ಕಲ್ ಕಾರ್ಡುಗಳಿಂದ ಎನ್‌ವಿಡಿಯಾ ತಿದ್ದಿದ ಬಯೋಸನ್ನು ಒಪ್ಪದಂತೆ ಮಾಡಿತು.

ಮರುದಿನ ನಾನು ಯುಪಿಎಸ್‌ಗೆ ಬ್ಯಾಟರಿ ಹಾಕಿಸಿದೆ. ಹುಡುಗ ಮಂಗಳೂರು ಬಸ್ಸು ಹತ್ತುವ ಮುಂಚೆ ಕಾರ್ಡು ತೋರಿಸಿದ. ಸ್ವಿಚ್ಚಿನ ಪಕ್ಕದಲ್ಲಿ ಚಿಕ್ಕ ಚೀಟಿ ಅಂಟಿಸಿ, ನೀಲಿ ಪೆನ್ನಿನಲ್ಲಿ ಕನ್ನಡದಲ್ಲೇ ಬರೆದಿದ್ದ: "2 - ಮೂಲ ಪ್ರತಿ. ಮುಟ್ಟಬೇಡ."