ನೋಡಿಯೂ ಕಾಣದುದು

ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿ, ಇನ್ನು ಕಲಿಸಿದುದು ಸಾಕೆಂದು ಸರಕಾರವು ಮನೆಗೆ ಕಳುಹಿಸಿದ ಮೇಲೆ ನಾನು ಕಾರು ನಡೆಸಲು ಕಲಿತೆನು. ನಮ್ಮ ನಾರಾವಿಯಿಂದ ಕಾರ್ಕಳಕ್ಕಾಗಲಿ ಗುರುವಾಯನಕೆರೆಗಾಗಲಿ ಹೋಗುವ ದಾರಿಯು ತೋಟ, ಗುಡ್ಡಗಳ ನಡುವೆ ತಿರುತಿರುಗಿ ಸಾಗುವಂಥದು. ಧರ್ಮಸ್ಥಳದ ಯಾತ್ರಿಕರ ವಾಹನಗಳೂ ಅದರಲ್ಲಿಯೇ ಬರುತ್ತವೆ. ಊರವರ ಪಾಲಿಗಾದರೋ ಬೈಕೇ ಕುದುರೆ, ಅದೇ ಎತ್ತಿನಗಾಡಿ. ಹಾಲಿನ ಕ್ಯಾನು, ಹಿಂಡಿಯ ಚೀಲ, ಹಿಂದೆ ಕೊಡೆ ಹಿಡಿದ ಮನೆಯಾಕೆ, ನಡುವೆ ಒಂದು ಮಗು, ಎಲ್ಲವೂ ಅದರ ಮೇಲೆ.

ಇಲ್ಲಿ ಹೇಳಹೊರಟಿರುವುದು ನನ್ನದೇ ಒಂದು ತಪ್ಪನ್ನು.

ಆಷಾಢದ ಸಂಜೆ, ಜಡಿಮಳೆ. ಮನೆಯ ಓಣಿಯಿಂದ ಮುಖ್ಯರಸ್ತೆಗೆ ಬಂದು ಬಲಕ್ಕೆ ತಿರುಗಬೇಕಾಗಿದ್ದಿತು. ಬಲಗಡೆ ನೋಡಿದೆನು; ದೂರದಲ್ಲಿ ಬಸ್ಸೊಂದರ ದೀಪಗಳು. ಎಡಗಡೆ ಏನೂ ಇರಲಿಲ್ಲ. ಬಸ್ಸು ಬರುವುದರೊಳಗಾಗಿ ದಾಟಬಹುದೆಂದು ಕಾರನ್ನು ಮುಂದಕ್ಕೆ ಬಿಟ್ಟೆನು. ಮರುಕ್ಷಣವೇ ಬ್ರೇಕಿನ ಕಿರುಚು, ಕಬ್ಬಿಣವು ರಸ್ತೆಗೆ ಉಜ್ಜಿದ ಸದ್ದು. ಇಳಿದು ನೋಡುತ್ತೇನೆ, ಬೈಕು ಒಂದೆಡೆ, ಕ್ಯಾನು ಒಂದೆಡೆ. ಡಾಮರಿನ ಮೇಲೆ ಮಳೆನೀರಿನೊಡನೆ ಹಾಲು ಹರಿಯುತ್ತಿದ್ದಿತು. ಬಿದ್ದವನು ನನ್ನ ಹಳೆಯ ಶಿಷ್ಯ. ನನ್ನ ಕಾರನ್ನು ತಪ್ಪಿಸಲು ಹೋಗಿ ಜಾರಿದ್ದನು. ಎದ್ದು ಕುಳಿತವನು ಮೊದಲು ಕೇಳಿದ ಮಾತು, “ಮಾಷ್ಟ್ರೇ, ನಿಮಗೇನೂ ಆಗಲಿಲ್ಲವಲ್ಲ?” ಅವನ ಹೆಗಲಿನ ಎಲುಬು ಮುರಿದಿದ್ದಿತು, ಹೆಲ್ಮೆಟ್ಟಿನ ದೆಸೆಯಿಂದ ತಲೆ ಉಳಿಯಿತು.

ಅಷ್ಟರಲ್ಲಿ ಜನ ಕೂಡಿತು. “ಈಗಿನ ಹುಡುಗರ ಓಟವೇ ಹೀಗೆ. ಪಾಪ, ಮಾಷ್ಟ್ರು ಏನು ಮಾಡಿಯಾರು!” ಎಂದನೊಬ್ಬನು. ಉಳಿದವರು ತಲೆದೂಗಿದರು. ಹುಡುಗನನ್ನು ನನ್ನ ಕಾರಿನಲ್ಲಿಯೇ ಆಸ್ಪತ್ರೆಗೆ ಒಯ್ದೆನು, ನಿಜ. ಆದರೆ ಆ ಮಾತಿಗೆ ನಾನು ಎದುರಾಡಲಿಲ್ಲ. ತರಗತಿಯಲ್ಲಿ ಸುಳ್ಳಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು.

ರಾತ್ರಿಯೆಲ್ಲ ಒಂದೇ ಯೋಚನೆ: ನೋಡಿದ್ದೆನಲ್ಲ, ಕಾಣಲಿಲ್ಲವೇಕೆ? ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ, ಇರುವ ವಸ್ತುವೂ ಕಾಣದಿರುವುದಕ್ಕೆ ಎಂಟು ಕಾರಣಗಳನ್ನು ಹೇಳಿರುವನು. ಅವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಪಡೆದವನಿಗೆ ಅವುಗಳ ಅರ್ಥವಾದುದು ಅಂದು. ಬೈಕಿನ ಗಾತ್ರವು ಚಿಕ್ಕದು. ಚಿಕ್ಕದು ಇರುವುದಕ್ಕಿಂತ ದೂರವಾಗಿಯೂ ನಿಧಾನವಾಗಿಯೂ ತೋರುವುದು. ಅದರ ಒಂಟಿದೀಪವನ್ನು ಹಿಂದಿನ ಬಸ್ಸಿನ ಬೆಳಕು ನುಂಗಿದ್ದಿತು, ಇದು ಅಭಿಭವ. (2017ರ ಏಪ್ರಿಲಿನಿಂದೀಚೆಗೆ ಮಾರಾಟವಾಗುವ ಬೈಕುಗಳ ದೀಪವು ಹಗಲಲ್ಲಿಯೂ ಉರಿಯುವಂತೆ ನಿಯಮ ಮಾಡಿರುವುದು ಕಾರಿನವರ ಕಣ್ಣಿಗೆ ಬೀಳಲೆಂದೇ. ನಾನೋ, ಮೊದಮೊದಲು ಎದುರಾದವರಿಗೆಲ್ಲ ದೀಪ ಆರಿಸಿರೆಂದು ಕೈಸನ್ನೆ ಮಾಡುತ್ತಿದ್ದೆನು!) ಔಷಧದ ಅಂಗಡಿ ಮುಚ್ಚೀತೆಂಬ ಚಿಂತೆಯಿಂದ ಮನಸ್ಸು ಬೇರೆಡೆ ಇದ್ದಿತು. ಎಲ್ಲಕ್ಕೂ ಮಿಗಿಲಾದುದು ವ್ಯವಧಾನ, ಎಂದರೆ ನಡುವೆ ಅಡ್ಡವಿರುವುದು. ಕಾರಿನ ಮುಂಗಾಜಿನ ಎರಡು ಬದಿಗಳಲ್ಲಿಯೂ ಮಾಡನ್ನು ಹೊತ್ತ ಕಂಬಗಳಿರುವುವಷ್ಟೆ. ಬೆಳಗಾದ ಮೇಲೆ ಅಂಗಳದಲ್ಲಿ ಕಾರಿನೊಳಗೆ ಕುಳಿತು, ಇಪ್ಪತ್ತು ಹೆಜ್ಜೆ ದೂರದಲ್ಲಿ ಮನೆಯಾಕೆಯನ್ನು ಓರೆಯಾಗಿ ನಿಲ್ಲಿಸಿ ನೋಡಿದೆನು. ಆಕೆ ಕಂಬದ ಮರೆಯಲ್ಲಿ ಸಂಪೂರ್ಣವಾಗಿ ಮಾಯವಾದಳು. ಕಾರೂ ಬೈಕೂ ಒಂದೇ ಬಿಂದುವಿನತ್ತ ಸಾಗುತ್ತಿದ್ದರೆ ಆ ಮರೆಯು ಜತೆಯಲ್ಲಿಯೇ ಸರಿದು, ಕೊನೆಯ ಕ್ಷಣದವರೆಗೂ ಬೈಕನ್ನು ತೋರಿಸದಿರಬಹುದು. ಕತ್ತನ್ನು ಒಂದು ಗೇಣು ಮುಂದಕ್ಕೆ ಚಾಚಿದೊಡನೆ ಆಕೆ ಕಾಣಿಸಿದಳು. “ಆಯಿತೋ ನಿಮ್ಮ ಆಟ?” ಎಂದು ಕೇಳಿದಳು.

ಅಲ್ಲಿಂದ ನೇರವಾಗಿ ಹುಡುಗನ ಮನೆಗೆ ಹೋಗಿ, ತಪ್ಪು ನನ್ನದೆಂದು ಅವನ ತಾಯಿಗೆ ಹೇಳಿದೆನು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನೆಯೇ ಹೇಳಬಾರದಿತ್ತೇ ಮಾಷ್ಟ್ರೇ? ರಾತ್ರಿಯಿಡೀ ಅವನನ್ನು ಬೈದೆನಲ್ಲ” ಎಂದಳು. ಒಳಗೆ ಮಲಗಿದ್ದ ಅವನು ಒಂದು ಮಾತೂ ಆಡಿರಲಿಲ್ಲವಂತೆ. ಠಾಣೆಯಲ್ಲಿಯೂ ಇದ್ದುದನ್ನು ಇದ್ದಂತೆ ಬರೆಯಿಸಿದೆನು. ಆಕೆಯ ಮುಂದೆ ನಿಂತುದಕ್ಕಿಂತ ಅದು ಸುಲಭವಾಗಿದ್ದಿತು.

2022ನೆಯ ವರ್ಷ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಮಿಕ್ಕಿ ದ್ವಿಚಕ್ರವಾಹನದವರು. ಕಾರಿನೊಳಗಿರುವ ನಮಗೆ ತಗಡಿನ ಗೋಡೆಯಾದರೂ ಉಂಟು, ಅವರಿಗೆ ಚರ್ಮವೇ ಗೋಡೆ.

ಈಗ ಓಣಿಯ ಬಾಯಲ್ಲಿ ಕತ್ತನ್ನು ಹಿಂದೆ ಮುಂದೆ ಆಡಿಸಿ ಎರಡೆರಡು ಬಾರಿ ನೋಡುತ್ತೇನೆ, ಕಂಡವರು ನಗುತ್ತಾರೆ. ಬೈಕಿನ ಹಿಂದೆ ಹೋಗುವಾಗ ದೂರವಿರುತ್ತೇನೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಕಾರು ಸೆಕೆಂಡಿಗೆ ಹದಿನಾರು ಮೀಟರಿಗೂ ಮಿಕ್ಕಿ ಓಡುವುದು. ನಮ್ಮ ಕಾಲು ಬ್ರೇಕನ್ನು ಮುಟ್ಟುವುದರೊಳಗೇ ಅಷ್ಟು ಕಳೆದುಹೋಗುವುದು. ಮಳೆಗಾಲದಲ್ಲಿ ಬೈಕಿನವನು ಹೊಂಡವನ್ನು ಕಂಡು ಫಕ್ಕನೆ ಪಕ್ಕಕ್ಕೆ ಸರಿಯುವನು. ಮಳೆಕೋಟಿನ ಟೊಪ್ಪಿಯೊಳಗೆ ನಮ್ಮ ಹಾರನ್ನೂ ಅವನಿಗೆ ಸರಿಯಾಗಿ ಕೇಳದು. ಆದುದರಿಂದ ಅವನನ್ನು ಹಿಂದಿಕ್ಕುವಾಗ ಒಂದು ಕಾರಿಗೆ ಬಿಡುವಷ್ಟು ಜಾಗವನ್ನೇ ಬಿಡಬೇಕು. ಪೇಟೆಯಲ್ಲಿ ನಿಲ್ಲಿಸಿದ ಕಾರಿನ ಬಲಬಾಗಿಲನ್ನು ಎಡಗೈಯಿಂದ ತೆರೆಯುವ ಅಭ್ಯಾಸ ಮಾಡಿಕೊಂಡಿದ್ದೇನೆ. ಹಾಗೆ ಮಾಡಿದರೆ ಮೈ ತಾನಾಗಿ ಹೊರಳಿ ಹಿಂದೆ ಬರುವವನು ಕಣ್ಣಿಗೆ ಬೀಳುವನು.

ಮೂರು ತಿಂಗಳ ಮೇಲೆ ಶಿಷ್ಯನು ಮತ್ತೆ ಸೊಸೈಟಿಗೆ ಹಾಲು ಒಯ್ಯತೊಡಗಿದನು. ಓಣಿಯ ಬಾಯಲ್ಲಿ ನನ್ನ ಕಾರನ್ನು ಕಂಡರೆ ಅವನು ನಿಲ್ಲುತ್ತಾನೆ, ನಾನು ಮುಂದೆ ಹೋಗಲೆಂದು. ಅವನು ಹೋಗಲೆಂದು ನಾನೂ ನಿಂತಿರುತ್ತೇನೆ. ಹಿಂದಿನ ಬಸ್ಸಿನವನು ಹಾರನ್ನು ಬಾರಿಸಿದ ಮೇಲೆಯೇ ಇಬ್ಬರಲ್ಲಿ ಒಬ್ಬರು ಹೊರಡುವುದು.