ಆ ದಂಡಿಯ ಕನ್ನಡ

ಶಿರಗುಪ್ಪಿಯಲ್ಲಿ ಬೆಳೆದ ನಮಗೆ ಗಡಿ ಎಂಬುದು ದೊಡ್ಡ ಸುದ್ದಿಯೇನಲ್ಲ. ಸಂತೆಗೆ, ದವಾಖಾನೆಗೆ, ಬೀಗರ ಮನೆಗೆ ಎಂದು ಮಹಾರಾಷ್ಟ್ರಕ್ಕೆ ಹೋಗಿ ಬರುವುದು ನಮ್ಮ ನಿತ್ಯದ ಬದುಕು. ಆದರೆ ಕೆಲವು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯಲ್ಲಿದ್ದ ಮಗಳು ನಕಾಶೆ ಹರವಿಕೊಂಡು ಕೂತು ಹೊಸ ಬೇಡಿಕೆ ಇಟ್ಟಳು.

"ಅಪ್ಪಾ, ವಿಯೆಟ್ನಾಮಿನಾಗ ದೋಣಿ ಹತ್ತಿದರ ಮೆಕಾಂಗ್ ನದಿ ಹಿಡದು ಗಡಿ ದಾಟಿ, ಕಾಂಬೋಡಿಯಾದ ರಾಜಧಾನಿ ನಾಮ್‌ಪೆನ್ ಮುಟ್ಟಬಹುದಂತ. ನಾವು ಯಾವಾಗ ಹೋಗೂದು?"

"ಅದಕ್ಕ ಪಾಸ್‌ಪೋರ್ಟ್ ಬೇಕವಾ. ಪಾಸ್‌ಪೋರ್ಟ್ ಇಲ್ಲದ ದೋಣಿಯಾಗ ದಾಟೂ ಗಡಿ ಇಲ್ಲೇ ಒಂದೈತಿ. ನಾಳೆ ರವಿವಾರ, ನಡಿ" ಎಂದೆ.

ಶಿರಗುಪ್ಪಿಯಿಂದ ಜುಗೂಳ ದೂರವೇನಲ್ಲ. ದಾರಿಯುದ್ದಕ್ಕೂ ಎರಡೂ ಬದಿಗೆ ಕಬ್ಬು. ಚಳಿಗಾಲದ ದಿನವಾದ್ದರಿಂದ ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಗೆ ದಾರಿ ಬಿಡುತ್ತ ಹೊಳೆಯ ದಂಡೆಗೆ ಬಂದೆವು. ಮಹಾಬಳೇಶ್ವರದಲ್ಲಿ ಹುಟ್ಟಿ, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಬರುವ ಕೃಷ್ಣೆ ಇಲ್ಲಿ ಅವಸರವಿಲ್ಲದೆ ಹರಿಯುತ್ತಾಳೆ. ಆಚೆ ಕಾಣುವ ಊರೇ ಖಿದ್ರಾಪುರ, ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನದು.

ದೋಣಿಯಲ್ಲಿ ನಮ್ಮ ಜೊತೆ ಹಾಲಿನ ಕ್ಯಾನು ಹಿಡಿದವರೊಬ್ಬರು, ತವರಿಗೆ ಹೊರಟ ಬಾಣಂತಿ, ಆಕೆಯ ತಾಯಿ ಇದ್ದರು. ನಡು ಹೊಳೆಯಲ್ಲಿ ಮಗಳು ಅಂಬಿಗನನ್ನು ಕೇಳಿದಳು: "ಮಾಮಾ, ಗಡಿ ಎಲ್ಲಿ ಬರ್ತೈತಿ?"

"ನಂಗೇನ್ ಗೊತ್ತವಾ! ನಾವು ಈ ದಂಡಿ, ಆ ದಂಡಿ ಅಂತೀವಿ ಅಷ್ಟ. ನನ್ನ ತಂಗೀನ ಆ ದಂಡಿಗೇ ಕೊಟ್ಟೀವಿ."

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೆಳಗಾವಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಆಚೆಯ ದಂಡೆ ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರವಾಯಿತು. ಕೊಡು-ಕೊಳ್ಳುವ ಸಂಬಂಧಗಳು ಮಾತ್ರ ಮೊದಲಿನಂತೆಯೇ ನಡೆದು ಬಂದವು.

ದಂಡೆ ಏರಿ ಓಣಿಯಲ್ಲಿ ನಡೆದರೆ ಕೋಪೇಶ್ವರ ದೇವಾಲಯ. 12ನೇ ಶತಮಾನದಲ್ಲಿ, ಕೊಲ್ಲಾಪುರದ ಶಿಲಾಹಾರರ ಕಾಲದಲ್ಲಿ ಕಟ್ಟಿದ್ದು. ಕರಿಕಲ್ಲಿನ ಈ ಗುಡಿಯ ಮುಂಭಾಗವೇ ಸ್ವರ್ಗಮಂಟಪ. 48 ಕಂಬಗಳ ಈ ಮಂಟಪದ ಛಾವಣಿಯ ನಡುವೆ ಸುಮಾರು 13 ಅಡಿ ಅಗಲದ ದುಂಡನೆಯ ತೆರಪು. ಅದರ ನೇರ ಕೆಳಗೆ ಅಷ್ಟೇ ದುಂಡನೆಯ ಹಾಸುಗಲ್ಲು. ಅಲ್ಲಿ ನಿಂತು ತಲೆ ಎತ್ತಿದರೆ ಕಲ್ಲಿನ ಚೌಕಟ್ಟಿನೊಳಗೆ ಆಕಾಶ! ಹೊರಗೋಡೆಯ ಬುಡದಲ್ಲಿ ಗುಡಿಯನ್ನೇ ಹೊತ್ತಂತೆ ಆನೆಗಳ ಸಾಲು. ಹಲವು ಮೂರ್ತಿಗಳು ಭಗ್ನವಾಗಿದ್ದರೂ ಕೆತ್ತನೆಯ ಸೊಗಸು ಮಾಸಿಲ್ಲ.

ಗರ್ಭಗುಡಿಯಲ್ಲಿ ಎರಡು ಲಿಂಗಗಳು: ಕೋಪೇಶ್ವರನೆಂದು ಶಿವ, ಧೋಪೇಶ್ವರನೆಂದು ವಿಷ್ಣು. ಸತಿಯನ್ನು ಕಳೆದುಕೊಂಡು ಕೋಪಗೊಂಡ ಶಿವನನ್ನು ವಿಷ್ಣು ಸಮಾಧಾನಪಡಿಸಿದನೆಂಬುದು ಸ್ಥಳಪುರಾಣ. ಆದರೆ ಎಷ್ಟು ಹುಡುಕಿದರೂ ಎದುರಿಗೆ ನಂದಿ ಇಲ್ಲ. ಸತಿ ನಂದಿಯನ್ನೇರಿ ದಕ್ಷನ ಯಜ್ಞಕ್ಕೆ ಹೋದಳು. ಆ ನಂದಿ ಇರುವುದು ನಮ್ಮ ಚಿಕ್ಕೋಡಿ ತಾಲ್ಲೂಕಿನ ಯಡೂರಿನಲ್ಲಿ ಎನ್ನುತ್ತಾರೆ. ಶಿವ ಮಹಾರಾಷ್ಟ್ರದಲ್ಲಿ, ನಂದಿ ಕರ್ನಾಟಕದಲ್ಲಿ! ಮಗಳು ನಕ್ಕಳು.

ಅವಳ ನಗು ನಿಂತದ್ದು ಶಾಸನಗಳ ಮುಂದೆ. ಈ ಗುಡಿಯಲ್ಲಿ ಸುಮಾರು ಒಂದು ಡಜನ್ ಶಾಸನಗಳಿವೆ. ದಕ್ಷಿಣ ಬಾಗಿಲ ಬಳಿಯ ಹೊರಗೋಡೆಯಲ್ಲಿರುವುದು ದೇವಗಿರಿಯ ಯಾದವ ದೊರೆ ಇಮ್ಮಡಿ ಸಿಂಘಣನದು. ಶಕ 1136, ಅಂದರೆ ಕ್ರಿ.ಶ. 1214ರ ಸುಮಾರಿನ ಸಂಸ್ಕೃತ ಶಾಸನ, ದೇವನಾಗರಿ ಲಿಪಿಯಲ್ಲಿದೆ. ಉಳಿದವೆಲ್ಲ ಕನ್ನಡದವು. ಬಹಳಷ್ಟು ಸವೆದು ಹೋಗಿವೆ.

"ಕನ್ನಡ ಅಂತೀ, ನನಗ ಒಂದಕ್ಷರಾನೂ ಹತ್ತವಲ್ದು. ನೀ ಓದಪ್ಪಾ" ಎಂದಳು. ನಾನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಎರಡು ಅಕ್ಷರ ಗುರುತು ಸಿಕ್ಕಂತಾಯಿತು, ಮೂರನೆಯದು ಸಿಗಲಿಲ್ಲ. ಪಕ್ಕದಲ್ಲಿದ್ದ ಊರಿನ ಹಿರಿಯರು ಮರಾಠಿಯಲ್ಲಿ, "ಇದು ನಿಮ್ಮ ಭಾಷೆಯಲ್ಲವೇ, ಏನು ಬರೆದಿದೆ?" ಎಂದು ಕೇಳಿದರು. ಹುಟ್ಟು ಕನ್ನಡಿಗನಾದ ನನಗೆ ಅಷ್ಟು ಮುಜುಗರ ಎಂದೂ ಆಗಿರಲಿಲ್ಲ.

ಹಾಗೆಂದು ಇವನ್ನು ಓದಿದವರೇ ಇಲ್ಲವೆಂದಲ್ಲ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಪ್ರೊ. ಕೆ.ಜಿ. ಕುಂದಣಗಾರರು ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲೇ ಗ್ರಂಥವಾಗಿ ಪ್ರಕಟಿಸಿದರು. ಅದೇ ಕಾಲೇಜಿನಲ್ಲಿ ಕಲಿಸಿದ ಇನ್ನೊಬ್ಬ ದೊಡ್ಡ ವಿದ್ವಾಂಸರು ಡಾ. ಆ.ನೇ. ಉಪಾಧ್ಯೆ, 1906ರಲ್ಲಿ ಇಲ್ಲೇ ಸದಲಗಾದಲ್ಲಿ ಹುಟ್ಟಿದವರು. ಗಡಿಯ ಹಳ್ಳಿಯ ಹುಡುಗರಿಗೆ ಎರಡು ಮೂರು ಭಾಷೆ ಮನೆಯಂಗಳದಲ್ಲೇ ಸಿಗುತ್ತವೆ. ನಾವು ಅದನ್ನು ತೊಡಕೆಂದು ತಿಳಿಯುತ್ತೇವೆ, ಅವರು ಬಂಡವಾಳ ಮಾಡಿಕೊಂಡರು.

ಮರಳುವಾಗ ದೋಣಿಯಲ್ಲಿ ಮಗಳು ಮಾತಾಡಲಿಲ್ಲ. ದಂಡೆ ಹತ್ತಿರ ಬಂದಾಗ, "ಅದನ್ನ ಓದೂದು ಎಲ್ಲಿ ಕಲಸ್ತಾರ?" ಎಂದಳು. ಅವಳನ್ನು ಇಂಜಿನಿಯರ್ ಮಾಡಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದವನು ನಾನು. ತುಸು ತಡೆದು, ಧಾರವಾಡದಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಕೇಳಿ ನೋಡೋಣ ಎಂದೆ. ಮೆಕಾಂಗಿನ ಮಾತೂ ಬಂತು. ಅಂಗ್‌ಕೋರ್ ವಾಟ್ ಕೂಡ 12ನೇ ಶತಮಾನದ್ದೇ. ಕಾಂಬೋಡಿಯಾದ ಖ್ಮೇರ್ ಲಿಪಿ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬೆಳೆದದ್ದು. ಅದಕ್ಕೂ ನಮ್ಮ ಕನ್ನಡ ಲಿಪಿಗೂ ಬ್ರಾಹ್ಮಿಯೇ ಮೂಲ. "ಹಂಗಾರ ಮೊದಲ ಇದನ್ನ ಕಲಿತು ಆಮ್ಯಾಲ ಅಲ್ಲಿಗೆ ಹೋಗೂಣು" ಎಂದಳು.

ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿ. ರೈಲಿನಲ್ಲಿ ಬರುವವರಿಗೆ ಮಿರಜ-ಬೆಳಗಾವಿ ಮಾರ್ಗದ ಶೇಡಬಾಳ ಅನುಕೂಲ. ಮಳೆಗಾಲದಲ್ಲಿ ಮಾತ್ರ ದೋಣಿಯ ಆಸೆ ಬೇಡ. 2005, 2019, 2021ರಲ್ಲಿ ಈ ಶಾಂತ ಕೃಷ್ಣೆಯೇ ಊರೂರು ಮುಳುಗಿಸಿದ್ದಾಳೆ. 2019ರ ಆಗಸ್ಟಿನಲ್ಲಿ ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ನೆರೆಯಿಂದ ಜನರನ್ನು ಸಾಗಿಸುತ್ತಿದ್ದ ದೋಣಿಯೇ ಮಗುಚಿ ಹಲವರು ತೀರಿಕೊಂಡರು. ಚಳಿಗಾಲದಲ್ಲಿ ಹೋಗಿ. ಬುತ್ತಿಯ ಜೊತೆ ಒಂದು ವಹಿ, ಪೆನ್ಸಿಲ್ಲೂ ಇರಲಿ. ಗೋಡೆಯ ಅಕ್ಷರಗಳನ್ನು ಕೈಯಿಂದ ಮುಟ್ಟದೆ, ಕಂಡಷ್ಟನ್ನು ಮಕ್ಕಳು ಬರೆದುಕೊಳ್ಳಲಿ. ನನ್ನ ಮಗಳ ವಹಿಯಲ್ಲಿ ಅಂದು ಬರೆದ ಏಳು ಅಕ್ಷರಗಳಿವೆ. ಅದರಲ್ಲಿ ನಾಲ್ಕನ್ನು ಈಗ ಅವಳು ಓದುತ್ತಾಳೆ.