ಟೋಪಿ ಒಗೆದವರು

ಅಂಚಿಲ್ಲದ ಟೋಪಿಯಿಂದ ಬಿಸಿಲಿಗೂ ಉಪಯೋಗವಿಲ್ಲ, ಮಳೆಗೂ ಇಲ್ಲ. ಕೊತ್ತತ್ತಿಯ ನಮ್ಮ ತಾತನಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಕಬ್ಬಿನ ಗದ್ದೆಗೆ ಹೋಗುವಾಗ ತಲೆಗೆ ಟವೆಲ್ಲು, ಮಂಡ್ಯಕ್ಕೆ ಹೊರಟರೆ ಮಾತ್ರ ಗಾಂಧಿ ಟೋಪಿ. ಟವೆಲ್ಲಾದರೆ ಬೆವರು ಒರೆಸಬಹುದು, ಸಿಂಬಿ ಸುತ್ತಿ ಹೊರೆ ಹೊರಬಹುದು, ಬದುವಿನ ಮೇಲೆ ಹಾಸಿ ಕೂರಬಹುದು. ಟೋಪಿಗಿದ್ದದ್ದು ಒಂದೇ ಕೆಲಸ, ನಾಲ್ಕು ಜನರಿಗೆ ಕಾಣುವುದು.

ಕಾಣುವಂತೆ ಇಡುವ ಕೆಲಸ ಅಜ್ಜಿಯದು. ಹರಳೆಣ್ಣೆ ತಲೆಯಾದ್ದರಿಂದ ಟೋಪಿಯ ಒಳಪಟ್ಟಿಗೆ ಹಳದಿ ಜಿಡ್ಡು ಕಟ್ಟುತ್ತಿತ್ತು. ಕಲ್ಲಿಗೆ ಬಡಿದರೆ ಹೊಲಿಗೆ ಬಿಡುತ್ತದೆಂದು 501 ಬಾರ್ ಸೋಪು ಹಚ್ಚಿ ಅಂಗೈಯಲ್ಲೇ ತಿಕ್ಕುವಳು. ಆಮೇಲೆ ನೀಲಿ, ಆಮೇಲೆ ಅನ್ನದ ಗಂಜಿ. ಇನ್ನೂ ತುಸು ಹಸಿಯಿರುವಾಗಲೇ ಮಡಿಕೆ ಹಿಡಿದು, ಕೆಂಡ ತುಂಬಿದ ಹಿತ್ತಾಳೆ ಚೊಂಬನ್ನು ಮೇಲೆ ಎಳೆದರೆ ಟೋಪಿ ಹಪ್ಪಳದ ಹಾಗೆ ಸೆಟೆಯುತ್ತಿತ್ತು.

ಬಿಳಿಯೇ ಯಾಕೆ? ಗಾಂಧೀಜಿ ತಮ್ಮ ಒಡನಾಡಿ ಕಾಕಾ ಕಾಲೇಲ್ಕರರಿಗೆ ಇದನ್ನು ವಿವರಿಸಿದ್ದಾರೆ. ಪ್ರಾಂತ್ಯ ಪ್ರಾಂತ್ಯದ ಟೋಪಿಗಳನ್ನು ನೋಡಿದ ಮೇಲೆ ಅವರಿಗೆ ಕಾಶ್ಮೀರದ್ದು ಹಿಡಿಸಿತು. ಉಣ್ಣೆಯ ಬದಲು ಹತ್ತಿಬಟ್ಟೆ ಹಾಕಿದರು. ಬಣ್ಣ ಕೊಳೆಯನ್ನು ಮುಚ್ಚಿಡುತ್ತದೆ, ಬಿಳಿ ತೋರಿಸಿಕೊಡುತ್ತದೆ, ಆಗ ಒಗೆಯದೆ ವಿಧಿಯಿಲ್ಲ. ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಳ್ಳುತ್ತಿದ್ದವರ ಮಾತು ಅದು. ತಾತನೂ ಗಾಂಧಿ ಹಿಂದೆ ನಡೆದವನೇ, ಆದರೆ ಒಗೆಯುವ ಕಲ್ಲಿನವರೆಗೆ ನಡೆಯಲಿಲ್ಲ.

1921ರಲ್ಲಿ ಮದುರೆಯಲ್ಲಿ ತುಂಡುಪಂಚೆ ಉಟ್ಟಾಗ ಗಾಂಧೀಜಿ ಟೋಪಿಯನ್ನೂ ತೆಗೆದಿಟ್ಟರು. ಜಗುಲಿಯಲ್ಲಿ ಮೇಷ್ಟರೊಬ್ಬರು ಇದನ್ನು ಹೇಳಿದ್ದೇ ತಡ, ಅಜ್ಜಿ ಒಳಗಿನಿಂದಲೇ, “ಅವ್ರೇ ಬುಟ್ಬುಟ್ಟವ್ರಂತೆ, ನಿಮ್ಗ್ಯಾಕೆ ಇನ್ನೂವೆ?” ಅಂದಳು.

“ಶಿವಪುರ ಕಂಡೋನು ಕಣಮ್ಮಿ ನಾನು.”

ಈ ಉತ್ತರದ ಮುಂದೆ ಮಾತಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರು ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ಸೇರಿ, ನಿಷೇಧ ಮೀರಿ ಟಿ. ಸಿದ್ದಲಿಂಗಯ್ಯನವರು ಬಾವುಟ ಹಾರಿಸಿ ಬಂಧನಕ್ಕೊಳಗಾದರು. ಜರಿಪೇಟದಲ್ಲಿ ದೊಡ್ಡಸ್ತಿಕೆ ಅಳೆಯುತ್ತಿದ್ದ ಸಂಸ್ಥಾನದಲ್ಲಿ ಗೇಣುದ್ದ ಖಾದಿ ತಲೆಗೇರಿಸುವುದು ಸಣ್ಣ ಮಾತಲ್ಲ. ತಲೆಯ ಮೇಲಿನದಕ್ಕೆ ಸರ್ಕಾರಗಳು ಹೆದರುವುದು ಎಲ್ಲ ಕಡೆಯ ಕಥೆ: 1829ರಲ್ಲಿ ಆಟೊಮನ್ ಸುಲ್ತಾನ ಅಧಿಕಾರಿಗಳ ಪೇಟ ಬಿಡಿಸಿ ಕೆಂಪು ಫೆಜ್ ಟೋಪಿ ಹಾಕಿಸಿದ, ಅದೇ ಫೆಜ್ಜನ್ನು 1925ರಲ್ಲಿ ತುರ್ಕಿ ಗಣರಾಜ್ಯ ನಿಷೇಧಿಸಿತು.

ನನ್ನ ಓಟೇನಿದ್ದರೂ ತುಳುನಾಡಿನ ಮುಟ್ಟಾಳೆಗೆ. ಅಡಿಕೆ ಹಾಳೆಯ ಟೋಪಿ. ತಲೆಗೆ ತಂಪು, ಹೊರೆಗೆ ಮೆತ್ತೆ, ಹಳತಾದರೆ ಎಸೆದರಾಯಿತು. ಹೆಂಗಸರಿಗೆ ಒಗೆಯುವ ತಾಪತ್ರಯವಿಲ್ಲ.

ನಮ್ಮೂರಲ್ಲಿ ಈಗ ಚಳಿಗಾಲದ ನಡುರಾತ್ರಿ ಕರೆಂಟು ಬಂದಾಗ ಗದ್ದೆಗೆ ನೀರು ಕಟ್ಟಲು ಹೋಗುವವರ ತಲೆಯಲ್ಲಿ ಮಂಕಿ ಟೋಪಿ. ಸಂತೆಯಲ್ಲಿ ನಾನೂ ಒಂದು ಕೊಂಡೆ. ಬಿಳಿಯದನ್ನು ಕೈಗೆತ್ತಿಕೊಂಡಿದ್ದೆ, ಹೆಂಡತಿ ಅದನ್ನು ಕಿತ್ತು ಅಂಗಡಿಯವನಿಗೆ ಕೊಟ್ಟು, ಕಾಫಿಬಣ್ಣದ್ದನ್ನು ಚೀಲಕ್ಕೆ ಹಾಕಿಸಿದಳು.